254 ಬಾಗಿಲುಗಳ ಬೀದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರಿಗೆ ಆಫೀಸಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪ್ರಸಂಗ ಬಂದಿರಲಿಲ್ಲ. ಬಂದಿದ್ದರೆ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು. ನನಗೆ ಆ ಯೋಗ ಒದಗಿದ್ದು 2006ರಲ್ಲಿ, ನಲವತ್ತೈದರ ಪ್ರಾಯದಲ್ಲಿ.

ನಮ್ಮದು ಮಲೆನಾಡಿನ ಸಣ್ಣ ಸಹಕಾರಿ ಬ್ಯಾಂಕು. ಒಂಬತ್ತು ಕಂಪ್ಯೂಟರು, ಒಂದು ಸರ್ವರ್. ಕೆಟ್ಟರೆ ಶಿವಮೊಗ್ಗದಿಂದ ಹುಡುಗ ಬರಬೇಕು. ಅಲ್ಲಿಯ ತನಕ ಗ್ರಾಹಕರ ಬೈಗುಳ ಕೇಳುತ್ತ ಕೂರುವುದೇ ನಮ್ಮ ಕೆಲಸ. ನಮ್ಮಲ್ಲೇ ಒಬ್ಬರು ಹತ್ತು ದಿನ ಬೆಂಗಳೂರಿಗೆ ಹೋಗಿ ಕಲಿತು ಬರಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಗಂಡಸರಿಗೆಲ್ಲ ಅಡಿಕೆ ಕೊಯ್ಲು. ನಾನು ಹೋಗುತ್ತೇನೆಂದಾಗ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯಲ್ಲಿ ಅತ್ತೆ ಮಾತ್ರ, "ಹೋಗಿ ಬಾರೆ, ಹತ್ತು ದಿನ ನಾನು ಬೇಯಿಸಿ ಹಾಕಿದರೆ ಇವರೇನೂ ಸೊರಗುವುದಿಲ್ಲ" ಎಂದರು.

ತರಗತಿಯಲ್ಲಿ ಹನ್ನೆರಡು ಹುಡುಗರು, ಇಬ್ಬರು ಡಿಪ್ಲೊಮಾ ಹುಡುಗಿಯರು, ನಾನು. ಎಲ್ಲರ ಬಾಯಲ್ಲೂ ನಾನು 'ಆಂಟಿ'. ಮೊದಲ ದಿನ ತಂತಿಯ ತುದಿಗೆ ಪ್ಲಗ್ ಹಾಕುವ ಪಾಠ. ಒಂದು ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. ಹೊಸೆದಿರುವುದು ಅಂದಕ್ಕಲ್ಲ, ಅಕ್ಕಪಕ್ಕದ ವಿದ್ಯುತ್ತಿನ ಗದ್ದಲ ತಾಗದಿರಲೆಂದು. ಹಾಗಾಗಿ ತುದಿಯಲ್ಲಿ ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಆಮೇಲೆ ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂದು ಸಾಲಾಗಿ ಜೋಡಿಸಬೇಕು. ಮಗಳಿಗೆ ಜಡೆ ಹೆಣೆದ, ಕಸೂತಿ ಹಾಕಿದ ಕೈಗೆ ಇದೇನು ಮಹಾ! ಹುಡುಗರು ಎಳೆ ತಪ್ಪಿಸಿ ಪ್ಲಗ್ ಕತ್ತರಿಸಿ ಎಸೆಯುತ್ತಿದ್ದರೆ ನನ್ನದು ಮೊದಲ ಸಲಕ್ಕೇ ದೀಪ ಹತ್ತಿಸಿತು.

ಕಷ್ಟವಾದದ್ದು ನಂಬರಿನ ಪಾಠ. 192.168.1.10 ಎಂದರೆ ಏನು? ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಮೊದಲ ಮೂರು ಅಂಕಿ ಬೀದಿಯ ಹೆಸರು, ಕೊನೆಯದು ಮನೆಯ ನಂಬರು. ಬೀದಿ ಎಲ್ಲಿ ಮುಗಿದು ಮನೆ ಎಲ್ಲಿ ಶುರು ಎಂದು ಹೇಳುವುದೇ 255.255.255.0 ಎಂಬ ಮಾಸ್ಕು. 0 ಬೀದಿಗೇ ಮೀಸಲು, 255 ಇಡೀ ಬೀದಿಗೆ ಒಟ್ಟಿಗೆ ಕೂಗಿ ಹೇಳಲು. ಉಳಿದದ್ದು 254 ಬಾಗಿಲು. ಬೀದಿ ದಾಟುವ ದ್ವಾರ ಗೇಟ್‌ವೇ. ಹೆಸರು ಹೇಳಿದರೆ ನಂಬರು ತಿಳಿಸುವ ಅಂಚೆಯಣ್ಣ ಡಿಎನ್‌ಎಸ್. ಎಲ್ಲ ಆಫೀಸಿನಲ್ಲೂ ಇದೇ 192.168 ಇದ್ದರೆ ಕಲಸಿಹೋಗುವುದಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ಆ ನಂಬರುಗಳನ್ನು ಒಳಬಳಕೆಗೆಂದೇ ಮೀಸಲಿಟ್ಟ ನಿಯಮ 1996ರಿಂದ ಇದೆ. ಊರೂರಿಗೂ ಒಂದೊಂದು ಗಾಂಧಿ ಬಜಾರ್ ಇಲ್ಲವೇ, ಹಾಗೆ.

ಒಂದು ದಿನ ಮೇಷ್ಟ್ರು, ತಂತಿಗಳು ಸುತ್ತುಹಾಕಿಕೊಂಡರೆ ವಠಾರದ ಸುದ್ದಿಯ ಹಾಗೆ ಸಂದೇಶ ಕೊನೆಯಿಲ್ಲದೆ ಸುತ್ತುತ್ತದೆ, ಅದನ್ನು ತಡೆಯುವ ಉಪಾಯವನ್ನು 1985ರಲ್ಲಿ ರೂಪಿಸಿದ್ದು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಹೆಂಗಸು ಎಂದರು. ಹನ್ನೆರಡು ತಲೆಗಳೂ ನನ್ನತ್ತ ತಿರುಗಿದವು, ನಾನೇ ಆಕೆಯೋ ಎಂಬಂತೆ!

ನನಗೆ ಬಹಳ ಹಿಡಿಸಿದ್ದು 'ಪಿಂಗ್'. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದದ್ದು. ನೀರಿನಡಿಯ ವಸ್ತು ಹುಡುಕುವ ಸೋನಾರ್ ಸದ್ದಿನ ಹೆಸರು ಅದಕ್ಕೆ. ಒಂದು ನಂಬರನ್ನು ಕೂಗಿದರೆ ಆ ಯಂತ್ರ ಓಗೊಡುತ್ತದೆ. ಮೊದಲು 127.0.0.1 ಎಂದು ತನ್ನನ್ನೇ ಕೂಗಿಕೊಳ್ಳಬೇಕು, ಆಮೇಲೆ ಗೇಟ್‌ವೇ, ಆಮೇಲೆ ಹೊರಗಿನವರು. ನಂಬರಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಅಂಚೆಯಣ್ಣನದು.

ಊರಿಗೆ ಮರಳಿದೆ. ಸರ್ಟಿಫಿಕೇಟಿಗೆ ಮ್ಯಾನೇಜರು ಕಟ್ಟು ಹಾಕಿಸಿದರು, ಸರ್ವರ್ ಕೋಣೆಯ ಬೀಗದ ಕೈ ಮಾತ್ರ ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡರು. ಕೇಳಿದರೆ, "ನೋಡೋಣ ಮೇಡಂ." ಮೂರು ತಿಂಗಳು ಹೀಗೇ. ಹಾಗಿದ್ದರೆ ಕಳಿಸಿದ್ದಾದರೂ ಏಕೆ ಎಂದು ನನ್ನೊಳಗೇ ಕುದಿಯುತ್ತಿದ್ದೆ.

ಒಂದು ಪಿಂಚಣಿಯ ದಿನ ಬೆಳಿಗ್ಗೆ ಎಲ್ಲ ಕಂಪ್ಯೂಟರೂ ಮುಷ್ಕರ ಹೂಡಿದವು. ಬೆಂಚಿನ ಮೇಲೆ ಹಳ್ಳಿಯಿಂದ ಬಂದ ಅಜ್ಜಿಯರು, ಮಧ್ಯಾಹ್ನದ ಬಸ್ಸು ತಪ್ಪಿದರೆ ರಾತ್ರಿಯೇ. ಶಿವಮೊಗ್ಗದ ಹುಡುಗ ನಾಳೆ ಬರುತ್ತಾನಂತೆ. "ಸಾರ್, ಬೀಗದ ಕೈ ಕೊಡಿ" ಎಂದೆ. ಅಜ್ಜಿಯರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೊಟ್ಟರು.

ಸರ್ವರ್‌ನ ನಂಬರನ್ನು ಕೂಗಿದೆ, ಓಗೊಟ್ಟಿತು. ಆದರೂ ಲೆಕ್ಕದ ತಂತ್ರಾಂಶ ತೆರೆಯದು. ಒಳಗೆ ಹೋಗಿ ಸರ್ವರ್‌ನ ತಂತಿಯನ್ನೇ ಕಿತ್ತು ಮತ್ತೆ ಕೂಗಿದೆ. ಆಗಲೂ ಓಗೊಟ್ಟಿತು! ಅಂದರೆ ಆ ಹೆಸರಿನಲ್ಲಿ ಇನ್ಯಾರೋ ಮಾತಾಡುತ್ತಿದ್ದಾರೆ. ಹಿಂದಿನ ಸಂಜೆ ಸಾಲ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು. ತಂದವರು ಅದಕ್ಕೂ ಸರ್ವರ್‌ನ ನಂಬರನ್ನೇ ಕೊಟ್ಟಿದ್ದರು. ಬೆಳಿಗ್ಗೆ ಅದು ಮೊದಲು ಎದ್ದು, ಬಸ್ಸಿನ ಸೀಟಿಗೆ ಟವೆಲ್ ಹಾಕಿದವರಂತೆ ಆ ನಂಬರನ್ನು ಹಿಡಿದು ಕೂತಿತ್ತು. ಅದಕ್ಕೆ ಬೇರೆ ನಂಬರು ಕೊಟ್ಟು, ಸರ್ವರ್ ಅನ್ನು ಮತ್ತೆ ಚಾಲೂ ಮಾಡಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಅಜ್ಜಿಯರಿಗೆ ಬಸ್ಸು ಸಿಕ್ಕಿತು.

ಸಂಜೆ ಬೀಗದ ಕೈ ಹಿಂದಿರುಗಿಸಲು ಹೋದೆ. "ನಿಮ್ಮಲ್ಲೇ ಇರಲಿ ಮೇಡಂ" ಎಂದರು ಮ್ಯಾನೇಜರು.

"ರಿಜಿಸ್ಟರಿನಲ್ಲಿ ಬರೆದು ಕೊಡಿ ಸಾರ್" ಎಂದೆ. ಹತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿದ್ದವಳಿಗೆ ಬಾಯಿಮಾತಿನ ಬೀಗದ ಕೈ ಎಷ್ಟು ದಿನದ್ದೆಂದು ಗೊತ್ತು. ಅವರು ನಕ್ಕು, ಬರೆದು, ರುಜು ಹಾಕಿದರು. 2021ರಲ್ಲಿ ನಾನು ನಿವೃತ್ತಳಾಗುವ ತನಕ ಆ ಸಾಲಿನಲ್ಲಿ ಬೇರೆ ಹೆಸರು ಬರಲಿಲ್ಲ.