ಒಸಡಿನ ಬಣ್ಣ

ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವ ಮುಂಚೆ ನಾನು ಹಿತ್ತಿಲ ಜಗಲಿಗೆ ಹೋಗಿ ನಾಯಿಯ ತುಟಿ ಎತ್ತಿ ಒಸಡು ನೋಡುತ್ತೇನೆ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಡುತ್ತೇನೆ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಎಣಿಸುವುದರೊಳಗೆ ಮತ್ತೆ ಕೆಂಪೇರಿದರೆ ಒಲೆ ಹಚ್ಚುತ್ತೇನೆ. ಎಂಟು ತಿಂಗಳಿಂದ ಹೀಗೆ ನಡೆದಿದೆ. ಇನ್ನು ಅದರ ಅಗತ್ಯವಿಲ್ಲ ಎಂದು ಡಾಕ್ಟರು ಹೇಳಿಯೂ ಆಯಿತು. ಆದರೂ ನೋಡದೆ ದಿನ ಶುರುವಾಗುವುದಿಲ್ಲ.

ಕೆಂಪಿ ಎನ್ನುವುದು ನಾವು ಇಟ್ಟ ಹೆಸರಲ್ಲ. ಮೈಸೂರಿನ ನಮ್ಮ ಬೀದಿ ತಿರುವಿನಲ್ಲಿ ಸೊಪ್ಪು ಮಾರುವಾಕೆ ಹಾಗೆ ಕರೆಯುತ್ತಿದ್ದಳು. ಮಿಕ್ಕವರಿಗೆಲ್ಲ ಅದೊಂದು ಕಂತ್ರಿ ನಾಯಿ. ಬ್ರಿಟಿಷರು ಊರನಾಯಿಯನ್ನು ಕಂಟ್ರಿ ನಾಯಿ ಎಂದದ್ದೇ ನಮ್ಮ ಬಾಯಲ್ಲಿ ಕಂತ್ರಿಯಾಯಿತು ಎನ್ನುತ್ತಾರೆ. ಈ ನಾಡಿನದು ಎಂದು ಹೇಳುವ ಮಾತು ನಮ್ಮಲ್ಲಿ ಬೈಗುಳವಾಗಿ ಉಳಿದುಬಿಟ್ಟಿದೆ, ಮನುಷ್ಯರನ್ನು ಬೈಯಲಿಕ್ಕೂ ಅದನ್ನೇ ಬಳಸುತ್ತೇವೆ. ನನಗೆ ಆ ಮಾತು ಕೇಳಿದರೆ ಈಗ ಸಂಕಟವಾಗುತ್ತದೆ.

ರೇಷನ್ ಅಂಗಡಿ ಮೆಟ್ಟಿಲ ಮೇಲೆ ಅದು ಮಲಗಿರುತ್ತಿತ್ತು. ಮಲಗೆದ್ದ ಜಾಗದಲ್ಲಿ ನಾಲ್ಕಾರು ಹನಿ ರಕ್ತ. ಅಂಗಡಿಯ ಹುಡುಗ ಒಂದು ಚೊಂಬು ನೀರು ಎರಚಿ ಗುಡಿಸುತ್ತಿದ್ದ. “ಹೊಲಸು ನಾಯಿ, ಯಾವಾಗ್ಲೂ ಬೆದೆಗೆ ಬಂದಿರತ್ತೆ” ಎಂದು ಸಾಲಿನಲ್ಲಿ ನಿಂತವರು ಮುಖ ತಿರುಗಿಸುತ್ತಿದ್ದರು. ನಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆ. ಹೆಣ್ಣುನಾಯಿ ಬೆದೆಗೆ ಬರುವುದು ವರ್ಷಕ್ಕೆ ಹೆಚ್ಚೆಂದರೆ ಎರಡು ಸಲ, ರಕ್ತ ಕಾಣುವುದು ವಾರ ಹತ್ತು ದಿನ. ನಾಯಿ ಸಾಕಿದ ಮನೆಯಲ್ಲೇ ಬೆಳೆದ ನನಗೆ ಇದು ಗೊತ್ತಿತ್ತು. ತಿಂಗಳುಗಟ್ಟಲೆ ರಕ್ತ ಸೋರುವುದು ಬೆದೆಯಲ್ಲ ಎಂದು ತಿಳಿಯಲು ಡಾಕ್ಟರೇ ಬೇಕಾಗಿರಲಿಲ್ಲ. ರೋಗ ನಾಚಿಕೆಯ ಜಾಗದಲ್ಲಿದ್ದರೆ ಕಣ್ಣು ತಾನಾಗಿ ಬೇರೆ ಕಡೆ ಹೋಗುತ್ತದೆ. ಹಾಗೆ ಹೋದ ನನ್ನ ಕಣ್ಣಿನಿಂದಾಗಿ ಕೆಂಪಿ ಎಷ್ಟು ತಿಂಗಳು ಹೆಚ್ಚಿಗೆ ನರಳಿದಳೋ ಎಂಬುದು ನನ್ನನ್ನು ಈಗಲೂ ಬಿಟ್ಟಿಲ್ಲ.

ಆಷಾಢದ ಒಂದು ಬೆಳಿಗ್ಗೆ, ಗಾಳಿ, ಜಡಿಮಳೆ. ಬಿಸ್ಕತ್ತು ಹಾಕಿದರೆ ಮೂಸಲೂ ಇಲ್ಲ, ತಲೆಯನ್ನೂ ಎತ್ತಲಿಲ್ಲ. ನಂಜನಗೂಡಿನ ಕಡೆಯ ನಮ್ಮೂರಿನಲ್ಲಿ ಹಸು ಮೇವು ಬಿಟ್ಟರೆ ಅಪ್ಪ ಮೊದಲು ಅದರ ಕಣ್ಣಿನ ಕೆಳರೆಪ್ಪೆ ಬಿಡಿಸಿ ಒಳಗಿನ ಬಣ್ಣ ನೋಡುತ್ತಿದ್ದರು. ಅದು ನೆನಪಾಗಿ ಕೂತು, ತುಟಿ ಸರಿಸಿದೆ. ಒಸಡು ಸುಣ್ಣ ಬಳಿದ ಗೋಡೆಯ ಹಾಗಿತ್ತು.

ಮೊದಲು ಬಂದ ಆಟೋದವನು ನೋಡಿ ಹೊರಟುಹೋದ. ಎರಡನೆಯವನು ತಾನೇ ಇಳಿದು, ಸೀಟಿನ ಕೆಳಗಿಂದ ಗೋಣಿಚೀಲ ತೆಗೆದು ಹಾಸಿದ. “ಅಮ್ಮಾ, ಬಾಯಿ ಕಟ್ಕೊಳಿ, ನೋವಿಗೆ ಕಚ್ಚತ್ತೆ” ಎಂದ. ಸರಿಯಾದ ಮಾತು. ಎಂಥ ಸಾಧು ನಾಯಿಯೂ ನೋವಿನಲ್ಲಿ ಎತ್ತುವವರ ಕೈಯನ್ನೇ ಹಿಡಿಯುತ್ತದೆ. ನನ್ನ ವೇಲಿನಿಂದ ಮೂತಿಗೆ ಸಡಿಲವಾಗಿ ಒಂದು ಸುತ್ತು ಹಾಕಿ, ಗಂಟನ್ನು ಕಿವಿಯ ಹಿಂದೆ ಕಟ್ಟಿದೆವು. ಹಾಗೆ ಕಟ್ಟುವಾಗ ಅದರ ಉಗುರು ನನ್ನ ಮುಂಗೈಗೆ ಗೀರಿತು. ಅದರ ಕತೆ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಸರ್ಕಾರಿ ಪಶು ಆಸ್ಪತ್ರೆಗೆ ಜನ ದನದ ಆಸ್ಪತ್ರೆ ಎಂದೇ ಹೇಳುವುದು. ಅಲ್ಲಿ ರಕ್ತ ತೆಗೆದರು. ಹಿಮೋಗ್ಲೋಬಿನ್ 12ರ ಮೇಲಿರಬೇಕಾದದ್ದು 5ರ ಹತ್ತಿರ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟು ಎರಡು ಲಕ್ಷಕ್ಕೆ ಕಡಿಮೆ ಇರಬಾರದು, ಇದ್ದದ್ದು 40,000. ಡಾಕ್ಟರು ಗ್ಲೌಸು ತೆಗೆಯುತ್ತ ಹೇಳಿದರು: “ಅಮ್ಮಾ, ಇದಕ್ಕೆ ಎರಡು ಕಾಯಿಲೆ. ಒಂದು ಉಣ್ಣೆ ಜ್ವರ. ಇನ್ನೊಂದು ಗಡ್ಡೆ. ಗಡ್ಡೆಗೆ ಒಳ್ಳೆ ಔಷಧಿ ಇದೆ, ಆದ್ರೆ ಈ ರಕ್ತದಲ್ಲಿ ಕೊಡೋಕಾಗಲ್ಲ. ಮೊದಲು ರಕ್ತ ಏರ್ಲಿ. ದಿನಾ ಒಸಡು ನೋಡ್ಕೊಳಿ.”

ಉಣ್ಣೆ ಜ್ವರ ತರುವುದು ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ. ಉಣ್ಣೆ ಕಚ್ಚಿದಾಗ ಅದು ರಕ್ತದ ಬಿಳಿ ಕಣಗಳೊಳಗೆ ಸೇರಿಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ತಪ್ಪದೆ ಕೊಡಬೇಕು. ವಾರಕ್ಕೇ ನಾಯಿ ಎದ್ದು ಓಡಾಡತೊಡಗುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿದು ಮುಂದೆಂದೋ ಮರಳುತ್ತದೆ. ಮಾತ್ರೆಯನ್ನು ಬರಿಹೊಟ್ಟೆಗೆ ಕೊಡುವಂತಿಲ್ಲ, ಗಂಟಲಲ್ಲಿ ನಿಂತರೆ ಸುಡುತ್ತದೆ. ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಅಡಗಿಸಿ ಕೊಟ್ಟು, ಮೇಲೆ ನೀರು ಕುಡಿಸುತ್ತಿದ್ದೆ. ಉಣ್ಣೆಗಳನ್ನು ಸಂದಿಸಂದಿಯಿಂದ ಚಿಮಟದಲ್ಲಿ ಕಿತ್ತು ಸೀಮೆಣ್ಣೆಯ ಡಬ್ಬಿಗೆ ಹಾಕಿದೆ. ಅವನ್ನು ಬೆರಳಲ್ಲಿ ಹಿಸುಕಬಾರದು. ಕಿವಿಯ ಒಳಗೆ, ಬೆರಳುಗಳ ನಡುವೆ ಗೊಂಚಲು ಗೊಂಚಲಾಗಿ ಕೂತಿದ್ದವು. ಈಗ ತಿನ್ನಿಸುವ ಮಾತ್ರೆಯೇ ಬಂದಿದೆ, ಅದನ್ನು ತಿಂದ ನಾಯಿಯ ರಕ್ತ ಹೀರಿದ ಉಣ್ಣೆ ಸತ್ತು ಉದುರುತ್ತದೆ. ಆದರೆ ಹೆಣ್ಣು ಉಣ್ಣೆ ನಾಯಿಯ ಮೈಬಿಟ್ಟು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ನಮ್ಮವರು ಸಿಮೆಂಟು ಕಲಸಿ ಜಗಲಿಯ ಬಿರುಕನ್ನೆಲ್ಲ ಮುಚ್ಚಿದರು. ಅವರು ಆ ಮೊದಲು ಕೆಂಪಿಯ ವಿಷಯದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ.

ಊಟದ ವಿಷಯದಲ್ಲಿ ನಾನು ಕಲಿಯಬೇಕಾದದ್ದು ಬಹಳ ಇತ್ತು. ಒಣಗಿದ ನಾಯಿಗೆ ಹೊಟ್ಟೆ ತುಂಬ ಹಾಕುವುದೇ ದಯೆ ಎಂದುಕೊಂಡಿದ್ದೆ. ಬಹಳ ದಿನ ಹಸಿದ ಮೈಗೆ ಒಮ್ಮೆಗೇ ತುಂಬಿದರೆ ಜೀವಕ್ಕೇ ಸಂಚಕಾರವಂತೆ. ಮೆತ್ತಗೆ ಬೆಂದ ಅನ್ನ, ಒಂದಿಷ್ಟು ಕೋಳಿ, ಅದೂ ಮೂಳೆ ತೆಗೆದು, ದಿನಕ್ಕೆ ಐದು ಸಲ, ಒಂದೊಂದು ಹಿಡಿ. ಹಾಲು ಬೇಡ, ಬೇಧಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಸಾರನ್ನ ಬೇಡ. ನಾವು ಬೀದಿನಾಯಿಗೆ ಪುಣ್ಯವೆಂದು ಹಾಕುವುದು ಮಿಕ್ಕ ಸಾರನ್ನವನ್ನೇ ಅಲ್ಲವೆ? ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತವಿಲ್ಲದ ಪ್ರಾಣಿಗೆ ಅದನ್ನು ಹಾಕಿದ್ದರೆ ನನ್ನ ಕೈಯಾರೆ ಕೆಡುಕು ಮಾಡಿದಂತಾಗುತ್ತಿತ್ತು. ಜ್ವರ ಬಂದರೆ ನಮ್ಮ ಡಬ್ಬಿಯ ಮಾತ್ರೆ ಕೊಡುವುದೂ ಹಾಗೆಯೇ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಹಲವು ನಾಯಿಗೆ ವಿಷ.

ಇನ್ನು ಆ ಗಡ್ಡೆ. ನಾಯಿಗಳು ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಕ್ಯಾನ್ಸರ್ ಅದು. ಇದನ್ನು ಕೇಳಿ ನಾನು ಬೆರಗಾದೆ. ರೋಗಾಣುವಲ್ಲ, ಕ್ಯಾನ್ಸರಿನ ಜೀವಕೋಶವೇ ಒಂದು ಮೈಯಿಂದ ಇನ್ನೊಂದಕ್ಕೆ ಹೋಗಿ ಅಲ್ಲಿ ಬೇರೂರುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದೇ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಗಡ್ಡೆ, ಆ ನಾಯಿ ಸತ್ತ ಮೇಲೂ ದಾಟಿ ದಾಟಿ ಲೋಕವೆಲ್ಲ ಹಬ್ಬಿದೆ. ನಮ್ಮ ರೇಷನ್ ಅಂಗಡಿಯ ಮೆಟ್ಟಿಲ ಮೇಲೆ ಸೋರುತ್ತಿದ್ದದ್ದೂ ಅದರದೇ ಕುಡಿ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಇದರ ಔಷಧಿ ವಿನ್‌ಕ್ರಿಸ್ಟಿನ್. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಡಾಕ್ಟರು ಆಸ್ಪತ್ರೆಯ ಕಾಂಪೌಂಡಿನ ಪಕ್ಕ ಬೆಳೆದಿದ್ದ ನಿತ್ಯಪುಷ್ಪದ ಗಿಡ ತೋರಿಸಿದರು. ಕೆಲವರು ಕಾಶಿಕಣಗಿಲೆ ಎನ್ನುವ ಅದೇ ಗಿಡ. ಮಡಗಾಸ್ಕರ್ ದ್ವೀಪದಿಂದ ಬಂದದ್ದು, ಈಗ ನಮ್ಮಲ್ಲಿ ನೀರು ಹಾಕದಿದ್ದರೂ ಬಿಡದೆ ಹೂ ಬಿಡುತ್ತದೆ. ದನ ಮೇಕೆ ಬಾಯಿ ಹಾಕುವುದಿಲ್ಲ, ಮೈತುಂಬ ವಿಷ. ಸಕ್ಕರೆ ಕಾಯಿಲೆಗೆ ಮದ್ದಾದೀತೆ ಎಂದು 1950ರ ದಶಕದಲ್ಲಿ ಕೆನಡಾದಲ್ಲಿ ಇದರ ಎಲೆಯ ರಸವನ್ನು ಇಲಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿ ಕಣಗಳು ಇಳಿದವು. ಹಾಗಾದರೆ ಬಿಳಿ ಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಆದೀತಲ್ಲ ಎಂದು ಹೊಳೆದದ್ದು ಅಲ್ಲಿಂದ. ನೂರಾರು ಕಿಲೋ ಒಣ ಎಲೆಯಿಂದ ಬರುವುದು ಗ್ರಾಂ ಲೆಕ್ಕದ ಔಷಧಿ. ಪುಟ್ಟ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವುದೂ ಇದನ್ನೇ. ಎಲೆ ಅರೆದು ಮನೆಯಲ್ಲೇ ಕುಡಿಸೋಣ ಎಂದು ಯಾರೂ ಹೊರಡಬಾರದು, ಅದು ವಿಷವೇ. ರಕ್ತನಾಳದೊಳಕ್ಕೆ ಅಳೆದು ಕೊಟ್ಟ ಸೂಜಿಮದ್ದು ಒಂದು ಹನಿ ಪಕ್ಕಕ್ಕೆ ಜಾರಿದರೂ ಮಾಂಸ ಕೊಳೆಯುತ್ತದೆ. ಸೂಜಿ ಕೊಟ್ಟ ದಿನಗಳಲ್ಲಿ ಕೆಂಪಿಯ ಉಚ್ಚೆ ಬಳಿಯುವಾಗಲೂ ನಾನು ಗ್ಲೌಸು ಹಾಕಬೇಕಿತ್ತು. ಮೂವತ್ತು ವರ್ಷದಿಂದ ನಾನು ದೇವರಿಗೆ ಏರಿಸುತ್ತಿದ್ದ ಹೂವಿನ ಬುಡದಲ್ಲಿ ಇಷ್ಟೆಲ್ಲ ಇತ್ತು, ಅದನ್ನೂ ನಾನು ನೋಡಿರಲಿಲ್ಲ.

ಮುಂಗೈಯ ಗೀರಿನ ಕತೆಗೆ ಬರುತ್ತೇನೆ. ಆಸ್ಪತ್ರೆಯಲ್ಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದರು. ಕೆಂಪಿಯಲ್ಲಿ ಹುಚ್ಚಿನ ಲಕ್ಷಣ ಇರಲಿಲ್ಲ, ಆದರೂ ಬೀದಿನಾಯಿಯ ಗೀರನ್ನು ಹಾಗೆ ಬಿಡುವಂತಿಲ್ಲ. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ರೇಬೀಸಿಗೆ ಮದ್ದಿಲ್ಲ. ಅದೇ ದಿನ, ಆಮೇಲೆ 3, 7 ಮತ್ತು 28ನೇ ದಿನ, ಎರಡೂ ತೋಳಿಗೆ ಚರ್ಮದ ಪದರದಲ್ಲಿ ಸಣ್ಣ ಸೂಜಿ. ಇಷ್ಟೇ. ನನ್ನ ಚಿಕ್ಕಪ್ಪನಿಗೆ ಹುಡುಗನಾಗಿದ್ದಾಗ ನಾಯಿ ಕಚ್ಚಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿದ್ದರು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ ಈಗ ಇಲ್ಲ. ಅದರ ಭಯ ಮಾತ್ರ ಮನೆಮನೆಯಲ್ಲಿ ಇನ್ನೂ ಇದೆ, ಎಷ್ಟೋ ಜನ ಆ ಭಯಕ್ಕೇ ಆಸ್ಪತ್ರೆಗೆ ಹೋಗದೆ ಮೆಣಸಿನಪುಡಿ, ಸುಣ್ಣ ಮೆತ್ತಿಕೊಂಡು ಕೂರುತ್ತಾರೆ.

ಎದುರು ಮನೆಯವರ ಮೊಮ್ಮಗನಿಗೆ ಎರಡು ವರ್ಷದ ಹಿಂದೆ ಬೀದಿನಾಯಿ ತೊಡೆಗೆ ಕಚ್ಚಿತ್ತು. ನಾನು ಕೆಂಪಿಯನ್ನು ಗೋಣಿಚೀಲದಲ್ಲಿ ಇಳಿಸಿದ ದಿನ ಆಕೆ ಗೇಟಿನ ಹತ್ತಿರ ಬಂದು, “ಅಕ್ಕಾ, ನಿಮ್ಮ ಮನಸ್ಸು ದೊಡ್ಡದಿರಬಹುದು. ನಮ್ಮ ಮಗು ಈಗ್ಲೂ ರಾತ್ರಿ ಬೆಚ್ಚಿ ಏಳತ್ತೆ” ಎಂದರು. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದು ಇರಲಿಲ್ಲ. ನಾಯಿಪ್ರೀತಿಯ ಮಾತಾಡುವವರು ಕಚ್ಚಿಸಿಕೊಂಡ ಮಗುವಿನ ಮನೆಯವರಿಗೆ ಪಾಠ ಹೇಳಹೊರಟರೆ ಅದಕ್ಕಿಂತ ಒರಟುತನ ಬೇರೆ ಇಲ್ಲ. ಗೇಟಿಗೆ ಒಳಗಿನಿಂದ ಜಾಲರಿ ಹಾಕಿಸಿದೆ. ರೇಬೀಸ್ ಲಸಿಕೆ ಹಾಕಿಸಿದ ಚೀಟಿಯನ್ನು ಆಕೆಗೆ ಕೊಂಡೊಯ್ದು ತೋರಿಸಿದೆ.

ಮಾತ್ರೆಯ 28 ದಿನಗಳಲ್ಲಿ ಒಂದು ರಾತ್ರಿ ಕೆಂಪಿ ಬಹಳ ಸೋತಿದ್ದಳು. ಜಗಲಿಯಲ್ಲಿ ಪಕ್ಕದಲ್ಲೇ ಕೂತಿದ್ದಾಗ ನನಗೆ ಆತಕೂರಿನ ಕಲ್ಲು ನೆನಪಾಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿರುವ ಹತ್ತನೆಯ ಶತಮಾನದ ಶಾಸನ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಶಾಲೆಯ ಮಕ್ಕಳು ನೋಡುವುದು ಕಲ್ಲಿನ ಮೇಲ್ಗಡೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು. ನನ್ನನ್ನು ಹಿಡಿದಿಟ್ಟದ್ದು ಕೆಳಗೆ ಬರೆದಿರುವ ಕಟ್ಟಳೆ. ಆ ಭೂಮಿ ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ. ಮೊದಲು ನಾಯಿ, ಆಮೇಲೆ ಊಟ. ಸಾವಿರ ವರ್ಷದ ಹಿಂದಿನ ಆ ಗೊರವ ಬೆಳಿಗ್ಗೆ ಎದ್ದು ಕಲ್ಲಿನ ಮುಂದೆ ನಿಲ್ಲುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು. ಕಾಫಿಗೆ ಮುಂಚೆ ಒಸಡು ನೋಡುವ ನನ್ನ ಪದ್ಧತಿ ಶುರುವಾದದ್ದು ಮರುದಿನದಿಂದ. ಅದುವರೆಗೂ ದಿನದಲ್ಲಿ ಯಾವಾಗಲೋ ನೋಡುತ್ತಿದ್ದೆ.

ಕನ್ನಡದಲ್ಲಿ ಆರೈಕೆಗೆ ನಾವು ದಿನನಿತ್ಯ ಬಳಸುವ ಮಾತು ನೋಡಿಕೊಳ್ಳುವುದು. ಅತ್ತೆಯನ್ನು ಚೆನ್ನಾಗಿ ನೋಡಿಕೊಂಡಳು, ಮಗುವನ್ನು ನೋಡಿಕೋ, ಗದ್ದೆ ನೋಡಿಕೊಳ್ಳುತ್ತಾನೆ. ಅದರೊಳಗೆ ‘ನೋಡು’ ಇರುವುದು ನನಗೆ ಕೇಳಿಸಿದ್ದು ಡಾಕ್ಟರು “ನೋಡ್ಕೊಳಿ” ಎಂದಾಗ. ಎಂಜಲು, ಉಚ್ಚೆಯ ಬಣ್ಣ, ಉಸಿರಿನ ವೇಗ, ಮಲಗುವ ಭಂಗಿ, ನೀರಿನ ಬಟ್ಟಲು ಎಷ್ಟು ಇಳಿದಿದೆ ಎಂಬುದು, ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ನಾಲ್ಕನೆಯ ವಾರ ಒಸಡಿನಲ್ಲಿ ನಸುಗೆಂಪು ಕಂಡಿತು. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಸೂಜಿ ಶುರುವಾಯಿತು, ಪ್ರತಿ ಸಲವೂ ರಕ್ತ ನೋಡಿ ಆಮೇಲೆ. ಎರಡನೆಯ ಸೂಜಿಗೆ ರಕ್ತ ಸೋರುವುದು ನಿಂತಿತು. ಐದನೆಯದಕ್ಕೆ ಗಡ್ಡೆ ಇದ್ದ ಜಾಗ ಹುಡುಕಬೇಕಾಯಿತು. 11 ಕಿಲೋ ಇದ್ದವಳು 16 ಆದಳು. ಆಮೇಲೆ ಸಂತಾನಹರಣ ಚಿಕಿತ್ಸೆ. ಈ ಗಡ್ಡೆ ಬೀದಿಯಲ್ಲಿ ಮುಂದಕ್ಕೆ ಹೋಗದಂತೆ ತಡೆಯಲು ಅದೂ ಒಂದು ದಾರಿ. ಎಡಗಿವಿಯ ತುದಿಯಲ್ಲಿ ಈಗ ಸಣ್ಣ ಕಚ್ಚು ಇದೆ, ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು.

ಕೆಂಪಿ ಬೊಗಳಿದ್ದನ್ನು ನಾವು ಮೊದಲು ಕೇಳಿದ್ದು ಕಾರ್ತಿಕದಲ್ಲಿ. ಹಾಲಿನವನನ್ನು ನೋಡಿ ಒಂದೇ ಸಲ, ಗಡುಸು ದನಿ. ಒಂದು ವರ್ಷ ಬೀದಿಯಲ್ಲಿ ನಮ್ಮ ಕಣ್ಣೆದುರೇ ಇದ್ದವಳ ದನಿ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಪೇಪರು ಕೆಳಗಿಟ್ಟು ಜಗಲಿಗೆ ಬಂದು ಅವಳ ತಲೆ ಸವರಿದರು.

ಈಗ ಬೆಳಿಗ್ಗೆ ನಾನು ಒಸಡು ನೋಡುವ ಹೊತ್ತಿಗೆ ಎದುರು ಮನೆಯ ಹುಡುಗ ಮಹಡಿಯ ಕಿಟಕಿಯಲ್ಲಿ ನಿಂತಿರುತ್ತಾನೆ. ಅಲ್ಲಿಂದ ನಮ್ಮ ಹಿತ್ತಿಲ ಜಗಲಿಯ ಒಂದು ಅಂಚು ಕಾಣುತ್ತದೆ. ಅವನು ಇನ್ನೂ ಕೆಳಗೆ ಬರುವುದಿಲ್ಲ, ಬಾ ಎಂದು ನಾನೂ ಕರೆಯುವುದಿಲ್ಲ. ಹೋದ ವಾರ ಕಂಬಿ ಹಿಡಿದುಕೊಂಡು ಕೂಗಿದ:

“ಅಜ್ಜೀ, ಇವತ್ತು ಯಾವ ಬಣ್ಣ?”

“ಗುಲಾಬಿ ಕಣಪ್ಪಾ.”

“ಒತ್ತಿ ನೋಡಿದ್ರಾ?”

ಒತ್ತಿ ತೋರಿಸಿದೆ. ಅವನು ಅಲ್ಲಿಂದಲೇ ಗಟ್ಟಿಯಾಗಿ ಎಣಿಸಿದ, ಒಂದು, ಎರಡು.