ಎಲ್ಲಾರಿಗೂ ಒಂದ ಥರದ ಅರಿಬಿ

ಉಳ್ಳಾಗಡ್ಡಿ ಹೆಚ್ಚಕೋತ, ರೊಟ್ಟಿ ಬಡಕೋತ ಓದಾಕತ್ತಿದ್ರ ಒಲಿ ಒಂದೀಟು ಸಣ್ಣ ಮಾಡ್ರಿ. ಇವತ್ತಿನ ಮಾತು ಅಡಗಿದ್ದಲ್ಲ, ಅರಿಬೀದು.

ಹೋದ ಶನಿವಾರ ನನ್ನ ಮಗಳು ಬಾಗಲಕೋಟಿಯಿಂದ ಇಳಕಲ್ಲಿಗೆ ಬರುವಾಗ ಚೀಲದಾಗ ಒಂದು ಹಾಳಿ ತಂದ್ಲು. ಅಕಿ ಕಲಿಯೂ ಡಿಗ್ರಿ ಕಾಲೇಜಿನವರು ಪಾಲಕರಿಗೆ ಕಳಿಸಿದ್ದು. ಬರೂ ವರ್ಷದಿಂದ ಎಲ್ಲಾ ಹುಡುಗ ಹುಡುಗೇರಿಗೂ ಯೂನಿಫಾರ್ಮ್ ಕಡ್ಡಾಯ ಮಾಡಬೇಕೋ ಬ್ಯಾಡೋ ಅಂತ ಕೇಳ್ಯಾರ. ಕೆಳಗ ಎರಡು ಚೌಕ. ಒಂದರಾಗ ‘ಒಪ್ಪಿಗೆ ಇದೆ’, ಇನ್ನೊಂದರಾಗ ‘ಒಪ್ಪಿಗೆ ಇಲ್ಲ’. ಬಾಜೂಕ ಸಹಿ.

“ಮಮ್ಮಿ, ಲಗೂನ ಟಿಕ್ ಮಾಡು. ಸೋಮವಾರ ಕೊಡಬೇಕು” ಅಂದ್ಲು. ಲಗೂನ ಮಾಡೂ ಹಂಗಿದ್ರ ಇಷ್ಟ್ಯಾಕ ಬರೀತಿದ್ದೆ ನಾನು?

ಮೊದಲ ನನ್ನ ಕತಿ ಕೇಳ್ರಿ. ನನ್ನ ತವರುಮನಿ ಹುನಗುಂದ. ಅಪ್ಪ ಇಳಕಲ್ಲ ಸಾವಕಾರ್ರ ಕಡೆಯಿಂದ ನೂಲು ತಂದು ಕುಣಿ ಮಗ್ಗದಾಗ ಸೀರಿ ನೇಯತಿದ್ದ. ಮನಿ ತುಂಬ ನೂಲು, ಮೈ ಮ್ಯಾಗ ಮಾತ್ರ ಎಣಿಸಿ ಎರಡ ಜೋಡಿ ಅರಿಬಿ. ನಾನು ಪಿಯುಸಿಗೆ ಹೋಗುವಾಗ ನಮ್ಮ ಕಾಲೇಜಿನಾಗ ಯೂನಿಫಾರ್ಮ್ ಇರಲಿಲ್ಲ. ಒಂದು ಹಸರು ಚೂಡಿ, ಇನ್ನೊಂದು ಅಕ್ಕ ಹಾಕಿ ಬಿಟ್ಟಿದ್ದು. ರಾತ್ರಿ ಒಗದು ಹಾಕೂದು, ಮುಂಜಾನೆ ಅದನ್ನ ಹಾಕ್ಕೊಂಡು ಹೋಗೂದು. ಮಳಿಗಾಲದಾಗ ಒಣಗಲಿಲ್ಲಂದ್ರ “ಹೊಟ್ಟಿ ನೂಸತೈತಿ” ಅಂತ ಸುಳ್ಳ ಹೇಳಿ ಮನ್ಯಾಗ ಕುಂದರತಿದ್ದೆ. ಒಂದಿನ ಕ್ಲಾಸಿನ ಹುಡುಗಿ ಒಬ್ಬಾಕಿ, “ನಿಂದು ದಿನಾ ಹಸರು ಯೂನಿಫಾರ್ಮ್ ಏನ?” ಅಂದ್ಲು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದು ಹಿತ್ತಲದಾಗ ಅತ್ತೆ.

ಅವತ್ತಿನಿಂದ ನನಗ ಯೂನಿಫಾರ್ಮ್ ಅಂದ್ರ ಬಡವರ ಮಕ್ಕಳ ಮಾನ ಕಾಯೂದು ಅಂತನ ಅನಿಸೈತಿ. ಹಿಂಗಾಗಿ ಪೆನ್ನು ತಗೊಂಡು ‘ಒಪ್ಪಿಗೆ ಇದೆ’ ಅನ್ನೂದರ ಮ್ಯಾಗ ಇಟ್ಟಿದ್ದೆ. ಅಷ್ಟರಾಗ ಮಗಳು ಶುರು ಮಾಡಿದ್ಲು.

“ಓಟ್ ಹಾಕಾಕ ನನಗ ವಯಸ್ಸಾಗೈತಿ. ಎಂಥಾ ಅರಿಬಿ ಹಾಕ್ಬೇಕು ಅನ್ನೂದನ್ನ ಮಾತ್ರ ಕಾಲೇಜಿನವರು ಹೇಳ್ಬೇಕ? ಮತ್ತ ಮಮ್ಮಿ, ಹತ್ತನೇತ್ತಾ ತನಕ ಸರಕಾರಿ ಸಾಲಿ ಮಕ್ಕಳಿಗೆ ಸರಕಾರನ ಬಟ್ಟಿ ಕೊಡತೈತಿ. ಡಿಗ್ರಿಗೆ ಯಾರ ಕೊಡ್ತಾರ? ಎರಡು ಜೋಡಿ, ಮ್ಯಾಲೆ ಕೋಟು, ಬೂಟು, ಎಲ್ಲಾ ಸೇರಿ 3500 ರೂಪಾಯಿ ಆಕ್ಕೈತಂತ. ಅದೂ ಅವರು ಹೇಳಿದ ಅಂಗಡಿಯಾಗ. ನಿನ್ನಂಥಾಕಿ ಒಬ್ಬಾಕಿ ಇವತ್ತೂ ಕ್ಲಾಸಿನಾಗ ಇದ್ರ ಅಕಿಗೆ ಇದು ಉಪಕಾರೋ, ಖರ್ಚೋ?”

ನನ್ನ ಬಾಯಿ ಕಟ್ಟಿತು.

ನಾದನಿ ಬಾದಾಮಿಯಿಂದ ಬಂದಿದ್ಲು. ಅಕಿ ಟೀಚರು. ಅಕಿ ಬಿಡಲಿಲ್ಲ. “ವೈನಿ, ಇಪ್ಪತ್ತು ವರ್ಷದಿಂದ ಕ್ಲಾಸಿನಾಗ ನಿಂತೀನಿ. ಒಂದ ಥರದ ಅರಿಬಿ ಹಾಕ್ಕೊಂಡು ಕುಂತಾಗ ಯಾರು ಸಾವಕಾರ್ರ ಮಗ, ಯಾರು ಕೂಲಿಯವನ ಮಗ ಅಂತ ನನ್ನ ಕಣ್ಣಿಗೂ ಬೀಳೂದಿಲ್ಲ. ಇಲ್ಲಂದ್ರ ಟೀಚರ ಕಣ್ಣೂ ಚಲೋ ಅರಿಬಿ ಕಡೇನ ಹೋಗತೈತಿ. ನಾನ ಹೇಳ್ತೀನಿ, ಸುಳ್ಳಲ್ಲ.”

“ಬೂಟು, ಮೊಬೈಲು, ಬೈಕು ನೋಡಿದ್ರ ತಿಳಿಯೂದಿಲ್ಲೇನ ಅತ್ತಿ?” ಅಂತ ಮಗಳು.

ಅತ್ತಿಯಾರು ಕಟ್ಟಿ ಮ್ಯಾಗ ಕುಂತು ಎಲಿ ಅಡಿಕಿ ಹಾಕ್ಕೋತ ಕೇಳಾಕತ್ತಿದ್ರು. ತಮ್ಮ ಸೀರಿ ಸೆರಗು ಎತ್ತಿ ತೋರಿಸಿದ್ರು. “ನಮ್ಮ ಸೀರಿ ನೋಡ್ರೆವಾ. ಟೋಪ ತೆನಿ ಸೆರಗು ನನಗೂ ಅದ, ಬೀಗ್ತಿಗೂ ಅದ. ಮೈ ಬಣ್ಣ, ದಡಿ ಅವರವರ ಮನಸಿಗೆ ಬಂದದ್ದು. ಗೋಮಿ ಬೇಕಂದಾಕಿ ಗೋಮಿ, ಗಾಡಿ ಬೇಕಂದಾಕಿ ಗಾಡಿ. ಅದಕ್ಕ ಯಾರೂ ಜಗಳಾ ಮಾಡಿಲ್ಲ.” ಎಲ್ಲಾರೂ ನಕ್ಕವಿ.

ಆ ಹೊತ್ತಿಗೆನ ಬಾಜೂ ಮನಿ ಆಪಾ ನಾದನಿ ಜಂಪರ್ ಹೊಲದು ತಗೊಂಡು ಬಂದ್ಲು. ಏನ ನಡದೈತಿ ಅಂತ ಕೇಳಿದ್ಲು. ಯಾರೂ ಹೇಳಲಿಲ್ಲ. ಹಾಳಿ ಮಗಳ ಕೈಯಾಗ ಇತ್ತು, ತಾನ ಇಸ್ಕೊಂಡು ಓದಿದ್ಲು. “ಹೂಂ, ಚಲೋ ಆತು. ನನಗ ಹೊಲಿಗಿ ಸಿಗತಾವು” ಅಂದು ನಕ್ಕೋತ ಹೋದ್ಲು. ಪಡಸಾಲ್ಯಾಗ ಮಾತ ನಿಂತು ಹೋತು.

ಯಾಕಂದ್ರ ನಮ್ಮ ಓಣಿ ಹುಡುಗೇರ ಕಾಲೇಜ ಅರಿಬಿ ಎಲ್ಲಾ ಹೊಲಿಯಾಕಿ ಆಪಾನ. ಅಕಿ ಮಗಳು ಮಾತ್ರ ಅದ ಅರಿಬಿ ಹಾಕ್ಕೊಂಡು ಕಾಲೇಜ ಮುಗಸಲಿಲ್ಲ.

2022 ನಿಮಗೆಲ್ಲಾ ನೆನಪಿರಬೇಕು. ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜಿನಾಗ ಹಿಜಾಬ್ ಹಾಕಿದ ಹುಡುಗೇರನ್ನ ಕ್ಲಾಸಿನಾಗ ಬಿಡಲಿಲ್ಲ ಅನ್ನೂದರಿಂದ ಹುಟ್ಟಿದ ಮಾತು ರಾಜ್ಯಕ್ಕೆಲ್ಲಾ ಹಬ್ಬಿತು. ಕೆಲವು ಕಡೆ ಹುಡುಗರು ಕೇಸರಿ ಶಾಲು ಹಾಕ್ಕೊಂಡು ಬಂದ್ರು. ಫೆಬ್ರವರಿ 5ಕ್ಕ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಫೆಬ್ರವರಿ 8ಕ್ಕ ನಮ್ಮ ಜಿಲ್ಲೆದಾಗನ, ರಬಕವಿ-ಬನಹಟ್ಟಿಯೊಳಗ, ಕಲ್ಲು ತೂರಾಟ ಆತು. ಅವತ್ತ ಸರಕಾರ ಮೂರು ದಿನ ಹೈಸ್ಕೂಲು, ಕಾಲೇಜಿಗೆ ಸೂಟಿ ಕೊಟ್ಟಿತು. ಮಾರ್ಚ್ 15ಕ್ಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಸಮವಸ್ತ್ರದ ನಿಯಮ ಸರಿ, ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆ ಅಲ್ಲ ಅಂತ ತೀರ್ಪು ಕೊಟ್ರು. ಅಕ್ಟೋಬರ್ 13ಕ್ಕ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬ್ಯಾರೆ ಬ್ಯಾರೆ ತೀರ್ಪು ಬರದ್ರು. ಹೇಮಂತ್ ಗುಪ್ತಾ ಅವರು ಹೈಕೋರ್ಟ್ ಮಾತು ಸರಿ ಅಂದ್ರು. ಸುಧಾಂಶು ಧುಲಿಯಾ ಅವರು ಹೆಣ್ಣುಮಕ್ಕಳು ಓದೂದು ಎಲ್ಲಾಕ್ಕಿಂತ ಮುಖ್ಯ ಅಂತ ಹೇಳಿ ಅದನ್ನ ಒಪ್ಪಲಿಲ್ಲ. ಅಂಥಾ ದೊಡ್ಡ ಕೋರ್ಟಿನಾಗ ಇಬ್ಬರಿಗೆ ಒಮ್ಮತ ಬರಲಿಲ್ಲಂದ ಮ್ಯಾಗ ನಮ್ಮ ಪಡಸಾಲ್ಯಾಗ ಬರತೈತೇನು?

ಆಪಾನ ಮಗಳು ಆಗ ಪಿಯುಸಿ ಎರಡನೇ ವರ್ಷ, ಸೈನ್ಸ್. ಯೂನಿಫಾರ್ಮ್ ಹಾಕಾಕ ಅಕಿದೇನೂ ತಕರಾರ ಇರಲಿಲ್ಲ. ಅವ್ವನ ಹೊಲದು ಕೊಟ್ಟಿದ್ಲು. ತಲಿ ಮ್ಯಾಗಿನ ಸ್ಕಾರ್ಫ್ ತಗದು ಒಳಗ ಬಾ ಅಂದ್ರು, ಅಕಿಗೆ ಆಗಲಿಲ್ಲ, ತಿರುಗಿ ಬಂದ್ಲು. ಪ್ರ್ಯಾಕ್ಟಿಕಲ್ ತಪ್ಪಿತು. ಏಪ್ರಿಲ್ ತಿಂಗಳ ಪರೀಕ್ಷಾನೂ ತಪ್ಪಿತು. ಮುಂದ ಒಂದು ವರ್ಷ ಬಿಟ್ಟು ಆರ್ಟ್ಸ್ ತಗೊಂಡು ಹೊರಗಿನಿಂದ ಕಟ್ಟಿದ್ಲು. ನರ್ಸಿಂಗ್ ಕಲಿಯೂ ಆಸೆ ಇತ್ತು. ಈಗ ಅವ್ವನ ಬಾಜೂಕ ಇನ್ನೊಂದು ಮಷಿನ್ ಹಾಕ್ಕೊಂಡು ಕುಂತಾಳ.

ಆಗ ನಾನು ಏನಂದೆ ಗೊತ್ತೈತೇನ್ರೆವಾ? ಆಪಾನ ಮನಿ ಬಾಗಲದಾಗ ನಿಂತು, “ಐದ ತಾಸು ತಗದ್ರ ಏನಾಕ್ಕೈತಿ, ಹುಡುಗಿ ಓದು ಹಾಳ ಮಾಡಬ್ಯಾಡ” ಅಂದಿದ್ದೆ. ಒಳ್ಳೇದಕ್ಕ ಹೇಳ್ತೀನಿ ಅಂತನ ತಿಳದಿದ್ದೆ. ಆಪಾ ಏನೂ ಅನ್ನಲಿಲ್ಲ. ನಮ್ಮ ಅತ್ತಿಯಾರ ಕಡೆ ನೋಡಿದ್ಲು. ಅವರು ನಮ್ಮ ಕಟ್ಟಿ ಮ್ಯಾಗ ತಲಿ ತುಂಬ ಸೆರಗು ಹೊತ್ಕೊಂಡು ಕುಂತಿದ್ರು. ನಮ್ಮ ಅತ್ತಿಯಾರು ಎಪ್ಪತ್ತು ವರ್ಷದಾಗ ತಲಿ ಮ್ಯಾಗ ಸೆರಗು ಇಲ್ಲದ ಹೊಚ್ಚಲಾ ದಾಟಿಲ್ಲ. ಬ್ಯಾಂಕಿನವರು “ಸೆರಗು ಇಳಿಸಿ ಒಳಗ ಬಾ” ಅಂದ್ರ ಅವರು ಪಿಂಚಣಿನ ಬಿಡ್ತಾರ. ನಾ ಮುಂದ ನಿಂತು “ಒಂದ ತಾಸಿಗೆ ಏನಾಕ್ಕೈತಿ” ಅಂತೀನೇನು? ಇದು ನನಗ ತಿಳಿಯೂದ್ರಾಗ ಹುಡುಗಿ ವರ್ಷ ಹೋಗಿತ್ತು.

ನಾದನಿಗೆ ಇದನ್ನ ಹೇಳಿದೆ. ಅಕಿ ಸುಮ್ಮನಿದ್ದು ಆಮ್ಯಾಲೆ ಅಂದ್ಲು: “ವೈನಿ, ನನಗೂ ಸಂಕಟ ಐತಿ. ಆದ್ರ ಒಬ್ಬರಿಗೆ ಸ್ಕಾರ್ಫ್ ಬಿಟ್ರ ಇನ್ನೊಬ್ಬ ಶಾಲು ಹಾಕ್ಕೊಂಡು ಬರ್ತಾನ. ಇಬ್ಬರ ನಡಕ ಪಾಠ ಮಾಡಾಕ ನಿಲ್ಲಾಕಿ ನಾನು.” ಅದೂ ಸುಳ್ಳಲ್ಲ. ಶಾಲು ಜಿದ್ದಿಗೆ ಬಂದದ್ದು, ಸ್ಕಾರ್ಫ್ ಮೊದಲಿಂದ ಇದ್ದದ್ದು ಅಂತ ನಾ ಅಂದೆ. ಅಕಿ ಒಪ್ಪಲಿಲ್ಲ. ರಾತ್ರಿ ಊಟಕ್ಕ ಕುಂತಾಗೂ ಒಪ್ಪಲಿಲ್ಲ. ಇನ್ನೆರಡು ರೊಟ್ಟಿ ಮಾತ್ರ ಇಸ್ಕೊಂಡ್ಲು.

ರವಿವಾರ ರಾತ್ರಿ ಹಾಳಿ ತಗೊಂಡು ಕುಂತೆ. ಹಸರು ಚೂಡಿ ನೆನಪಾತು. ‘ಒಪ್ಪಿಗೆ ಇದೆ’ ಅನ್ನೂದಕ್ಕ ಟಿಕ್ ಮಾಡಿದೆ. ಆದ್ರ ಕೆಳಗ ಜಾಗಾ ಇತ್ತು, ಮೂರು ಮಾತು ಬರದೆ. ಒಂದು, ಬಣ್ಣ ಅಷ್ಟ ಹೇಳ್ರಿ, ಅಂಗಡಿ ಹೇಳಬ್ಯಾಡ್ರಿ. ಕೋಟು ಬ್ಯಾಡ, ನಮ್ಮೂರ ಬಿಸಲಿಗೆ ಅದು ತಡಿಯೂದಿಲ್ಲ. ಎರಡು, ಕೊಳ್ಳಾಕ ಆಗದ ಮಕ್ಕಳಿಗೆ ಕಾಲೇಜಿನವರ ಕೊಡಸ್ರಿ, ಅದೂ ಯಾರಿಗೂ ಗೊತ್ತಾಗದಂಗ. ಮೂರು, ಯೂನಿಫಾರ್ಮ್ ಹಾಕ್ಕೊಂಡು ಬಂದ ಹುಡುಗಿ ತಲಿ ಮ್ಯಾಗ ಅದ ಬಣ್ಣದ ಬಟ್ಟಿ ಇದ್ರ ಗೇಟಿನಿಂದ ತಿರುಗಿ ಕಳಿಸಬ್ಯಾಡ್ರಿ. ಇದು ನಾ ಹುಡುಕಿದ್ದಲ್ಲ, ಹೈಕೋರ್ಟಿನಾಗೂ ಆ ಹುಡುಗೇರು ಇದನ್ನ ಕೇಳಿದ್ರು.

“ಒಂದ ಟಿಕ್ ಮಾಡಂದ್ರ ಅರ್ಜೀನ ಬರದೀಯಲ್ಲ” ಅಂತ ನಮ್ಮನಿಯವ್ರು ನಕ್ಕರು. ಕಾಲೇಜಿನವರು ಆ ಮೂರು ಸಾಲು ಓದತಾರೋ, ಬರೇ ಟಿಕ್ ಎಣಿಸಿ ಇಡ್ತಾರೋ, ನೋಡೂಣು.

ಮುಂಜಾನೆ ಮಗಳು ಬಸ್ಸಿಗೆ ಹೋಗೂಕಿಂತ ಮೊದಲ ಹಾಳಿ ಒಯ್ದು ಆಪಾಗ ತೋರಿಸಿದೆ. ನಾಕು ವರ್ಷದ ಹಿಂದ ಅಂದ ಮಾತಿಗೆ “ತಪ್ಪಾತವಾ” ಅಂತಾನೂ ಹೇಳಿದೆ. ಅಕಿ ಮಗಳು ಮಷಿನ್ ನಿಲ್ಲಿಸಿ ನಮ್ಮ ಕಡೆ ನೋಡಿದ್ಲು, ಮತ್ತ ತುಳಿಯಾಕ ಹತ್ತಿದ್ಲು. ಆಪಾ ಹಾಳಿ ಮಡಚಿ ನನ್ನ ಕೈಯಾಗ ಇಟ್ಟು, “ಅರಿಬಿ ಬಂದ ಮ್ಯಾಗ ನನ್ನ ಕಡೆ ಕೊಡು. ನಿನ್ನ ಮಗಳ ಅಳತಿ ನನ್ನ ಹಂತೇಕ ಐತಿ” ಅಂದ್ಲು.

ನಿಮ್ಮ ಮನಿಗೆ ಇಂಥಾ ಹಾಳಿ ಬಂದ್ರ ಏನ ಬರೀತಿದ್ರಿ? ಸಿಕ್ಕಾಗ ಹೇಳ್ರೆವಾ. ನಾದನಿ ಮುಂದಿನ ತಿಂಗಳ ಮತ್ತ ಬರಾಕಿ ಅದಾಳ, ನನಗ ನಾಕು ಮಾತು ಬೇಕು.