ನಮ್ಮ ಗಾಡಿಯ ಕರಿಹೊಗೆ

2024ರ ಜುಲೈನಲ್ಲಿ, ನಮ್ಮ ಸಂಘದ ವನಭೋಜನಕ್ಕೆ ಬಂದಿದ್ದವರಿಗೆ ನಮ್ಮ ಪಿಕಪ್ ಟ್ರಕ್ಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಡೆನ್ವರಿನಿಂದ ಬೆಟ್ಟದ ದಾರಿ ಹಿಡಿದ ಕಾರುಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕೊಪ್ಪರಿಗೆ, ಮೇಜು, ಐಸ್ ಪೆಟ್ಟಿಗೆಗಳನ್ನು ಹೇರಿಕೊಂಡು, ಹಿಂದಿದ್ದವರ ಮುಖಕ್ಕೆ ಮಸಿ ಬಳಿಯುತ್ತ ಏರು ಹತ್ತಿದ ಗಾಡಿ ಅದೇ. 1997ರ ಡೀಸೆಲ್ ಗಾಡಿ. ಓಡಿರುವುದು 2,40,000 ಮೈಲಿ.

"ಏನ್ರೀ, ಅಡುಗೆ ದಾರಿಯಲ್ಲೇ ಶುರುಮಾಡಿಬಿಟ್ಟಿರಾ?" ಎಂದು ಸ್ನೇಹಿತರೊಬ್ಬರು ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ಹಿಂದಿನ ಕಾರಿನಲ್ಲಿ ಕಿಟಕಿ ತೆರೆದು ಕುಳಿತಿದ್ದ ಎಂಟು ವರ್ಷದ ಹುಡುಗಿಗೆ ಆಸ್ತಮಾ ಇದೆಯೆಂಬುದು ಇಳಿದ ಮೇಲೆ ತಿಳಿಯಿತು. ನಿಂಬೆಹಣ್ಣು-ಚಮಚದ ಓಟಕ್ಕೆ ಮಕ್ಕಳೆಲ್ಲ ಸಾಲಾಗಿ ನಿಂತಾಗ ಆಕೆ ಬೆಂಚಿನ ಮೇಲೆ ಕುಳಿತು ಔಷಧಿಯ ಪಂಪು ಎಳೆದುಕೊಳ್ಳುತ್ತಿದ್ದಳು. "ಪರವಾಗಿಲ್ಲ ಬಿಡಿ, ನೀವೇನು ಬೇಕೆಂದು ಮಾಡಿದಿರಾ?" ಎಂದರು ಅವಳ ತಾಯಿ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸಿನಲ್ಲಿ ಕುಳಿತು ಬೆಳೆದ ನಮಗೆ ಕರಿಹೊಗೆ ಡೀಸೆಲ್ ಗಾಡಿಯ ಹುಟ್ಟುಗುಣವೆಂದೇ ಭಾವನೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದ್ದನ್ನು ಓದಿಯೂ ಇದ್ದೆವು. ಓದುವುದು ಬೇರೆ, ಬೆಂಚಿನ ಮೇಲೆ ಕುಳಿತ ಮಗುವನ್ನು ನೋಡುವುದು ಬೇರೆ. ಗಾಡಿ ಸರಿಯಾಗಬೇಕು, ಇಲ್ಲವೇ ಮನೆ ಬಿಟ್ಟು ಹೋಗಬೇಕು ಎಂದು ಅಂದೇ ನಿಶ್ಚಯಿಸಿದೆವು.

ಮೊದಲು ನೋಡಿಸಿದ ಗ್ಯಾರೇಜಿನವರು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಆರೂ ಇಂಜೆಕ್ಟರು ಬದಲಾಯಿಸಿ, ಟರ್ಬೊ ಹೊಸದು ಹಾಕಿ. ಅವರು ಹೇಳಿದ ಮೊತ್ತಕ್ಕೆ ಅಂಥದೇ ಇನ್ನೊಂದು ಗಾಡಿ ಬರುತ್ತಿತ್ತು. ಮನೆಗೆ ಬಂದು ಕಾಫಿ ಕುಡಿಯುತ್ತ ಇಬ್ಬರೂ ಯೋಚಿಸಿದೆವು.

ಹೊಗೆಯ ಬಣ್ಣವೇ ಅರ್ಧ ರೋಗ ಹೇಳುತ್ತದೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು, ಅಥವಾ ಡೀಸೆಲ್ ಉರಿಯದೆಯೇ ಹೊರಬರುತ್ತಿರಬಹುದು. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಒಲೆಗೆ ಸೌದೆ ತುರುಕಿ ಊದದೆ ಬಿಟ್ಟರೆ ಅಡುಗೆಮನೆ ಏನಾಗುತ್ತದೆಂದು ನಮ್ಮ ಓದುಗರಲ್ಲಿ ಹಿರಿಯರಿಗೆ ಹೇಳಬೇಕೆ? ಟರ್ಬೊ ಎಂಬುದು ಎಂಜಿನ್ನಿನ ಊದುಗೊಳವೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಸಮುದ್ರತೀರಕ್ಕೆ ಹೋಲಿಸಿದರೆ ಗಾಳಿಯ ಒತ್ತಡ ಆರರಲ್ಲಿ ಒಂದು ಪಾಲು ಕಡಿಮೆ. ಬೆಟ್ಟ ಹತ್ತಿದಷ್ಟೂ ಊದುಗೊಳವೆಯೇ ಗತಿ.

ಎರಡನೆಯ ಪ್ರಶ್ನೆ: ಹೊಗೆ ಬರುವುದು ಯಾವಾಗ? ನಿಂತಲ್ಲೇ ಬರುತ್ತಿದ್ದರೆ ತೊಟ್ಟಿಕ್ಕುವ ಇಂಜೆಕ್ಟರಿನ ಮೇಲೆ ಮೊದಲ ಅನುಮಾನ. ನಮ್ಮ ಗಾಡಿ ನಿಂತಾಗ ಸಾಧು. ಭಾರ ಹೊತ್ತು ಏರು ಹತ್ತುವಾಗ ಮಾತ್ರ ರಾಕ್ಷಸ. ಜೊತೆಗೆ ಎಳೆತವೂ ಕುಗ್ಗಿತ್ತು, ಏರಿನಲ್ಲಿ 'ಸುಯ್' ಎಂಬ ಸದ್ದೊಂದು ಹೊಸದಾಗಿ ಸೇರಿತ್ತು. ಡೀಸೆಲ್ ಹೆಚ್ಚಾದುದಕ್ಕಿಂತ ಗಾಳಿ ಸಾಲದೆ ಹೋದುದೇ ಕಾರಣವಿರಬೇಕೆಂದು ತರ್ಕಿಸಿದೆವು.

ಅಗ್ಗದ ಕೆಲಸ ಮೊದಲು ಎಂದು ಏರ್ ಫಿಲ್ಟರ್ ತೆಗೆದೆವು. ಧೂಳು ಕಟ್ಟಿತ್ತು, ಬದಲಾಯಿಸಿದೆವು, ಗುಣ ಕಾಣಲಿಲ್ಲ. ಸ್ನೇಹಿತರಿಂದ ಒತ್ತಡ ಅಳೆಯುವ ಮೀಟರು ಕಡ ತಂದು ಜೋಡಿಸಿದೆವು. ಏರಿನಲ್ಲಿ 20 ಪೌಂಡಿನ ಆಸುಪಾಸು ತೋರಬೇಕಾದ ಮುಳ್ಳು 9ಕ್ಕೆ ನಿಂತುಬಿಟ್ಟಿತು. ಊದುಗೊಳವೆ ಊದುತ್ತಿದೆ, ಗಾಳಿ ಒಲೆಗೆ ಮುಟ್ಟುತ್ತಿಲ್ಲ!

ಆಮೇಲೆ ಎಂಜಿನ್ ಆರಿಸಿ, ಟರ್ಬೊವಿನ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರಿನಿಂದ ಹತ್ತು ಪೌಂಡಿನಷ್ಟು ಗಾಳಿ ಬಿಟ್ಟೆವು. ಆ ಮುಚ್ಚಳ ಗುಂಡಿನಂತೆ ಹಾರಬಲ್ಲದು. ಅದರ ಎದುರು ಯಾರೂ ನಿಲ್ಲಬಾರದು. ಒಬ್ಬರು ಟಾರ್ಚು ಹಿಡಿದೆವು, ಇನ್ನೊಬ್ಬರು ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಬಳಿದೆವು. ಟರ್ಬೊವಿನಿಂದ ಬಂದ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹತ್ತಿರ, ಕೊಳವೆಯ ರಬ್ಬರ್ ತೋಳಿನ ಅಡಿಭಾಗದಲ್ಲಿ, ನೊರೆ ಉಕ್ಕಿತು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಮೆತ್ತಗಾದ ರಬ್ಬರು ಬೆರಳುದ್ದ ಸೀಳಿತ್ತು. ಒತ್ತಡವಿಲ್ಲದಾಗ ಬಾಯಿ ಮುಚ್ಚಿಕೊಂಡು, ಒತ್ತಡ ಬಿದ್ದಾಗ ತೆರೆದುಕೊಳ್ಳುವ ಸೀಳು. ಗ್ಯಾರೇಜಿನ ಐದು ನಿಮಿಷದಲ್ಲಿ ಅದು ಹೇಗೆ ಕಾಣಬೇಕು?

ಹೊಸ ತೋಳು, ಎರಡು ಕ್ಲಾಂಪು: ಒಟ್ಟು 60 ಡಾಲರಿಗೆ ಒಳಗೆ. ಮುಳ್ಳು ಮತ್ತೆ 20ರ ಹತ್ತಿರ ಬಂತು. ಹೊಗೆ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಹೊರಡುವಾಗ, ಟರ್ಬೊ ಉಸಿರು ಹಿಡಿಯುವ ಮುನ್ನ, ಒಂದು ತೆಳುವಾದ ಉಬ್ಬೆ ಇನ್ನೂ ಬರುತ್ತದೆ. ಇಂಜೆಕ್ಟರುಗಳಿಗೂ ವಯಸ್ಸಾಗಿದೆ, ಬಿಚ್ಚಿ ಪರೀಕ್ಷೆಗೆ ಕೊಡುವುದು ಬಾಕಿ ಇದೆ.

ಹಳೆಯ ಗಾಡಿ ಇಟ್ಟುಕೊಂಡಿರುವ ಸದಸ್ಯರಿಗೆ ಎರಡು ಮಾತು. ಕರಿಹೊಗೆ ಬಿಡುತ್ತಲೇ ಭಾರ ಎಳೆಸಿದರೆ ಉರಿಯ ಬಿಸಿ ಮಿತಿಮೀರಿ ಪಿಸ್ಟನ್, ಟರ್ಬೊ ಎರಡಕ್ಕೂ ಅಪಾಯ. ಆಗ ಗ್ಯಾರೇಜಿನವರ ಬಿಲ್ಲು ನಿಜವಾಗುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಮಾಡಿ ಪರೀಕ್ಷಿಸಲೇಬೇಡಿ. ಕಣ್ಣಿಗೆ ಕಾಣದ ವಿಷಾನಿಲ ಕೊಲ್ಲುತ್ತದೆ.

2025ರ ವನಭೋಜನಕ್ಕೆ ಕೊಪ್ಪರಿಗೆಗಳನ್ನು ಮತ್ತೆ ನಮ್ಮ ಗಾಡಿಗೇ ಹೇರಿದರು. ಈ ಬಾರಿ ನಾವಾಗಿಯೇ ಕೇಳಿಕೊಂಡು ಸಾಲಿನ ಕೊನೆಯಲ್ಲಿ ಹೋದೆವು, ಕನ್ನಡಿಯಲ್ಲಿ ಹಿಂದೆ ನೋಡುತ್ತ. ನಿಂಬೆಹಣ್ಣಿನ ಓಟದಲ್ಲಿ ಆ ಹುಡುಗಿ ಓಡಿದಳು. ಅರ್ಧ ದಾರಿಯಲ್ಲೇ ಹಣ್ಣು ಬಿತ್ತು. ಮತ್ತೆ ಎತ್ತಿಟ್ಟುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ, ಗೆರೆ ಮುಟ್ಟಿದಳು.